ಆಗುಂಬೆಯ ಮಳೆ, ಹಕ್ಕೋಡದ ಹಿಮ

ಆಗಸ್ಟ್ ತಿಂಗಳ ಸಂಜೆ ಗುದೈಬಿಯಾದ ಯಾವ ಗಲ್ಲಿಯಲ್ಲಿ ನಡೆದರೂ ಅನುಭವ ಒಂದೇ. ಮನೆಯಿಂದ ಹೊರಬಿದ್ದೊಡನೆ ಕನ್ನಡಕಕ್ಕೆ ಹಬೆ ಕವಿಯುತ್ತದೆ, ಮೇಲಿನ ಎ.ಸಿ.ಗಳಿಂದ ತೊಟ್ಟಿಕ್ಕುವ ನೀರಿಗೆ ಹೆಗಲು ಒದ್ದೆಯಾಗುತ್ತದೆ. ಆದರೆ ಮಳೆ ಮಾತ್ರ ಇಲ್ಲ. ಗಾಳಿಯಲ್ಲಿ ಇಷ್ಟು ನೀರಿದ್ದೂ ಇಲ್ಲಿ ಏಕೆ ಮಳೆಯಾಗುವುದಿಲ್ಲ? ಈ ಪ್ರಶ್ನೆಗೆ ನನಗೆ ಮನದಟ್ಟಾಗುವ ಉತ್ತರ ಸಿಕ್ಕಿದ್ದು ಉತ್ತರ ಜಪಾನಿನ ಹಕ್ಕೋಡ ಪರ್ವತದಲ್ಲಿ.

ಅಲ್ಲಿಗೆ ಹೋದದ್ದು ಮಗನ ಒತ್ತಾಯಕ್ಕೆ. ದುಬೈಯ ಮಾಲ್‌ನೊಳಗೆ 2005ರಲ್ಲಿ ಆರಂಭವಾದ ಸ್ಕೀ ದುಬೈಯಲ್ಲಿ ಅವನು ಸ್ಕೀ ಕಲಿತ. ಅಲ್ಲಿನ ಅತಿ ಉದ್ದದ ಇಳಿಜಾರು 400 ಮೀಟರ್. ಆಮೇಲೆ ಎರಡು ಸಲ ಗುಲ್ಮಾರ್ಗಕ್ಕೆ ಹೋಗಿಬಂದ. ಮೂರನೆಯದಾಗಿ ಅವನು ಆರಿಸಿದ್ದು ಹಕ್ಕೋಡವನ್ನು. ಟೋಕಿಯೋದಿಂದ ಶಿಂಕಾನ್ಸೆನ್ ರೈಲಿನಲ್ಲಿ ಮೂರು ಗಂಟೆಗೂ ಮಿಕ್ಕಿದ ಪ್ರಯಾಣ ಮಾಡಿದರೆ ಅಓಮೊರಿ ನಗರ. ಅಲ್ಲಿಂದ ಮುಂದೆ ಬಸ್ಸು. ದೊಡ್ಡ ಹೋಟೆಲುಗಳಾಗಲಿ ಹತ್ತಾರು ಲಿಫ್ಟುಗಳಾಗಲಿ ಅಲ್ಲಿಲ್ಲ. ಒಂದು ರೋಪ್‌ವೇ ಹತ್ತು ನಿಮಿಷದಲ್ಲಿ ಸುಮಾರು 650 ಮೀಟರ್ ಮೇಲಕ್ಕೆ ಒಯ್ದು, 1,314 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಕಂಬ ನೆಟ್ಟು ಗುರುತಿಸಿದ ಒಂದೆರಡು ದಾರಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಕಾಡು, ಕಡಿದಾದ ಇಳಿಜಾರು ಮತ್ತು ಹಿಮ.

ಇಷ್ಟೊಂದು ಹಿಮ ಎಲ್ಲಿಂದ ಬರುತ್ತದೆ? ಚಳಿಗಾಲದಲ್ಲಿ ಸೈಬೀರಿಯಾದಿಂದ ಕೊರೆಯುವ ಒಣಗಾಳಿ ಹೊರಡುತ್ತದೆ. ಅದು ದಾಟಬೇಕಾದ ಜಪಾನ್ ಸಮುದ್ರವನ್ನು ದಕ್ಷಿಣದಿಂದ ಬರುವ ತ್ಸುಶಿಮಾ ಪ್ರವಾಹ ಬೆಚ್ಚಗಿಟ್ಟಿರುತ್ತದೆ. ಬಿಸಿ ಗಂಜಿಯ ಮೇಲೆ ತಣ್ಣನೆ ಗಾಳಿ ಬೀಸಿದರೆ ಹಬೆ ಏಳುವಂತೆ, ಸಮುದ್ರದ ತೇವವೆಲ್ಲ ಗಾಳಿಗೆ ಸೇರುತ್ತದೆ. ಎದುರಿಗೆ ಬೆಟ್ಟ ಬಂದಾಗ ಗಾಳಿ ಮೇಲೇರಲೇಬೇಕು. ಏರಿದಂತೆ ತಣಿಯುತ್ತದೆ, ತಣಿದಾಗ ಹೊತ್ತ ನೀರನ್ನು ಕೆಳಗಿಳಿಸುತ್ತದೆ. ಚಳಿಯಿಂದಾಗಿ ಅದು ಹಿಮವಾಗಿ ಬೀಳುತ್ತದೆ. ಹಕ್ಕೋಡದ ಮಡಿಲಿನ ಸುಕಾಯು ಎಂಬ ಬಿಸಿನೀರಿನ ಬುಗ್ಗೆಯ ಊರಿನಲ್ಲಿ 2013ರ ಫೆಬ್ರವರಿ 26ರಂದು ನೆಲದ ಮೇಲೆ ನಿಂತ ಹಿಮದ ಆಳ 566 ಸೆಂಟಿಮೀಟರ್. ಅಂದರೆ ಎರಡು ಅಂತಸ್ತಿನ ಮನೆಯಷ್ಟು.

ಇದನ್ನು ಕೇಳುತ್ತಿದ್ದಂತೆ ನನಗೆ ನೆನಪಾದದ್ದು ಆಗುಂಬೆ. ಅರಬ್ಬಿ ಸಮುದ್ರದ ತೇವ ಹೊತ್ತ ಮುಂಗಾರು ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇರುತ್ತದೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿ ಹಿಮ, ಇಲ್ಲಿ ಮಳೆ, ಕಾರಣ ಒಂದೇ. ಬಹರೈನಿಗೂ ಸುತ್ತ ಸಮುದ್ರವಿದೆ, ಗಾಳಿಯಲ್ಲಿ ತೇವವಿದೆ. ಆದರೆ ನಮ್ಮ ಅತಿ ಎತ್ತರದ ಜಬಲ್ ಅಲ್ ದುಖಾನ್ ಸುಮಾರು 134 ಮೀಟರ್ ಮಾತ್ರ. ಸಾಲದ್ದಕ್ಕೆ ಬೇಸಿಗೆಯಲ್ಲಿ ಮೇಲಿನ ಒಣ ಬಿಸಿಗಾಳಿಯ ಪದರ ಮುಚ್ಚಳದಂತೆ ಕುಳಿತು, ಕೆಳಗಿನ ತೇವವನ್ನು ಏರಗೊಡುವುದಿಲ್ಲ. ಹಾಗಾಗಿ ಗಾಳಿ ತಣಿದು ನೀರಾಗುವುದು ನಮ್ಮ ಎ.ಸಿ.ಯೊಳಗೆ ಮಾತ್ರ!

ಹಕ್ಕೋಡದ ಹಿಮ ಅಕ್ಕಿಹುಡಿಯಂತೆ ಹಗುರ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದು. ಸ್ಕೀ ಮಾಡುವವರು ಸೊಂಟದವರೆಗೆ ಮುಳುಗಿಯೂ ತೇಲುವಂತೆ ಇಳಿಯುತ್ತಾರೆ. ಅಪಾಯವೂ ಅದರಲ್ಲೇ ಇದೆ. ಗಾಳಿ ತಂದು ಒಟ್ಟಿದ ಹೊಸ ಪದರ ಕೆಳಗಿನ ಸಡಿಲ ಪದರಕ್ಕೆ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಘಾಟಿಗಳಲ್ಲಿ ಗುಡ್ಡ ಜರಿಯುವಂತೆ, ಒಬ್ಬನ ಭಾರಕ್ಕೇ ಅದು ಹಾಸುಹಾಸಾಗಿ ಜಾರಬಹುದು. ಇಂಥ ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡುವವರಿಗೆ ಪ್ರಿಯವಾದ ಇಳಿಜಾರೂ ಅದೇ.

ನಾವು ಹೋದ ಮರುದಿನ ಮಗನನ್ನು ಕರೆದೊಯ್ಯಬೇಕಾಗಿದ್ದ ಮಾರ್ಗದರ್ಶಿ ಆಕಾಶ ನೋಡಿ, "ಇಂದು ಬೇಡ" ಎಂದುಬಿಟ್ಟರು. ರಾತ್ರಿಯಿಡೀ ಗಾಳಿ ಬೀಸಿತ್ತು. ಮಗನ ಮುಖ ಸಣ್ಣದಾಯಿತು. "ವರ್ಷವಿಡೀ ದುಡ್ಡು ಕೂಡಿಸಿ ಬಂದದ್ದು ಬೆಟ್ಟವನ್ನು ದೂರದಿಂದ ನೋಡುವುದಕ್ಕಾ ಅಪ್ಪ? ಕಂಬದ ಗುರುತು ಇದೆಯಲ್ಲ, ನಾನೊಬ್ಬನೇ ಹೋಗಿ ಬರುತ್ತೇನೆ" ಎಂದ. ಒಪ್ಪಲೂ ಆಗದೆ ಬಿಡಲೂ ಆಗದೆ, ಬೇರೆ ಕೆಲಸವಿಲ್ಲದ್ದರಿಂದ ಅವನನ್ನು ಅಓಮೊರಿಯ ಒಂದು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ.

ಅದು 1902ರ ದುರಂತದ ನೆನಪಿಗೆ ಮೀಸಲಾದದ್ದು. ರಷ್ಯಾದೊಡನೆ ಯುದ್ಧವಾಗಬಹುದೆಂದು ಚಳಿಯಲ್ಲಿ ನಡೆಯುವ ಅಭ್ಯಾಸಕ್ಕಾಗಿ ಆ ವರ್ಷದ ಜನವರಿ 23ರಂದು ಅಓಮೊರಿಯ 5ನೇ ಪದಾತಿ ರೆಜಿಮೆಂಟಿನ 210 ಮಂದಿ ಈ ಬೆಟ್ಟಕ್ಕೆ ಹೊರಟರು. ದಾರಿ ಬಲ್ಲ ಹಳ್ಳಿಗರು ಜತೆಗಿರಲಿಲ್ಲ. ಹಿಮಗಾಳಿಗೆ ಸಿಕ್ಕಿ ದಾರಿ ತಪ್ಪಿದರು. 199 ಮಂದಿ ಸತ್ತರು. ಹಿಮದಲ್ಲಿ ನಿಂತ ಸ್ಥಿತಿಯಲ್ಲೇ ಸಿಕ್ಕ ಗೋತೋ ಫುಸನೊಸುಕೆ ಎಂಬ ಸೈನಿಕನಿಂದ ಉಳಿದವರ ವಿಷಯ ಹೊರಗೆ ತಿಳಿಯಿತು. ಅದೇ ದಿನಗಳಲ್ಲಿ ಹಿರೊಸಾಕಿಯಿಂದ ಹೊರಟ 31ನೇ ರೆಜಿಮೆಂಟಿನ ಚಿಕ್ಕ ತುಕಡಿ ಊರೂರಲ್ಲಿ ಸ್ಥಳೀಯರನ್ನು ಮುಂದಿಟ್ಟುಕೊಂಡು ಇದೇ ಬೆಟ್ಟ ದಾಟಿತು. ಆ ತುಕಡಿಯಲ್ಲಿ ಯಾರೂ ಸಾಯಲಿಲ್ಲ. ಸೈನಿಕರ ಸಮಾಧಿಗಳು ಸಂಗ್ರಹಾಲಯದ ಪಕ್ಕದಲ್ಲೇ ಇವೆ. ಅವುಗಳಲ್ಲಿ ಬಹುಪಾಲು ನನ್ನ ಮಗನ ಪ್ರಾಯದವರದ್ದು. ಅವನು ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ, "ನಾಳೆಯೂ ಬೇಡ ಅಂದರೆ?" ಎಂದು ಕೇಳಿದ. "ಹಾಗಾದರೆ ನಾಳೆಯೂ ಇಲ್ಲ" ಎಂದೆ.

ಮರುದಿನ ಮಾರ್ಗದರ್ಶಿ ಒಪ್ಪಿದರು. ಆದರೆ ಕಡಿದಾದ ಬಯಲು ಇಳಿಜಾರನ್ನು ಬಿಟ್ಟು ಮರಗಳ ನಡುವೆ ಕರೆದೊಯ್ದರು. ಮೊದಲು ಎದೆಗೆ ಕಟ್ಟಿದ ಸಂಕೇತಯಂತ್ರ, ಹಿಮ ಚುಚ್ಚಿ ಹುಡುಕುವ ಕೋಲು, ಸಲಿಕೆ ಮೂರನ್ನೂ ಪರೀಕ್ಷಿಸಿದರು. ಹಿಮದಡಿ ಸಿಕ್ಕವನಿಗೆ ಮೊದಲ ಹದಿನೈದು ನಿಮಿಷವೇ ಜೀವ. ಹೊರಗಿನ ನೆರವು ಬರುವವರೆಗೆ ಕಾಯುವಂತಿಲ್ಲ, ಜತೆಗಿದ್ದವರೇ ಅಗೆಯಬೇಕು. ಮರದ ಬುಡಕ್ಕೆ ಹತ್ತಿರ ಹೋಗಬೇಡ ಎಂದೂ ಎಚ್ಚರಿಸಿದರು. ಕೊಂಬೆಗಳ ಅಡಿಯಲ್ಲಿ ಹಿಮ ತುಂಬದೆ ಬಾವಿಯಂತೆ ಟೊಳ್ಳಿರುತ್ತದೆ; ತಲೆಕೆಳಗಾಗಿ ಬಿದ್ದವನಿಗೆ ಒಬ್ಬನೇ ಏಳುವುದು ಬಹಳ ಕಷ್ಟ. ದುಬೈಯ ಹಿಮ ಇದನ್ನು ಯಾವುದನ್ನೂ ಕಲಿಸಿರಲಿಲ್ಲ.

ನಮ್ಮ ಸಂಘದ ಮಕ್ಕಳಲ್ಲಿ ಹಲವರು ಈಗ ಸ್ಕೀ ಕಲಿಯುತ್ತಿದ್ದಾರೆ. ಹೋಗುವವರು ಜನವರಿ-ಫೆಬ್ರವರಿಯಲ್ಲಿ ಹೋಗಿ, ಸ್ಥಳೀಯ ಮಾರ್ಗದರ್ಶಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಟಿಕೆಟು ಮಾಡುವಾಗ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಸಮಯ ಕೈಯಲ್ಲಿದ್ದರೆ "ಇಂದು ಬೇಡ" ಎಂಬ ಮಾತನ್ನು ಕೇಳುವುದು ಸುಲಭ.