ಮಲೇಷ್ಯಾದ ತೇವದಲ್ಲಿ ತಂಬಾಕಿನ ಪೈಪಿನ ಆರೈಕೆ

ಕೌಲಾಲಂಪುರದ ನಮ್ಮ ಮನೆಯ ಬೀರುವಿನಲ್ಲಿ ಅಜ್ಜನ ಪೈಪೊಂದು ಸುಮಾರು ಒಂದು ವರ್ಷ ಪ್ಲಾಸ್ಟಿಕ್ ಚೀಲದೊಳಗೆ ಇತ್ತು. ಜೋಪಾನವಾಗಿರಲೆಂದೇ ಹಾಗೆ ಕಟ್ಟಿಟ್ಟದ್ದು. ತೆಗೆದು ನೋಡಿದಾಗ ಬಟ್ಟಲಿನೊಳಗೆ ಬಿಳಿಯ ಬೂಷ್ಟು ಹಿಡಿದಿತ್ತು, ಕಪ್ಪು ಬಾಯಿಕೊಳವೆ ಹಸಿರುಗಂದು ಬಣ್ಣಕ್ಕೆ ತಿರುಗಿತ್ತು, ಕೊರಳಿನ ಬೆಳ್ಳಿಯ ಬಳೆ ಕರಿಗಟ್ಟಿತ್ತು. ಈ ಮೂರು ಕೆಡುಕುಗಳೂ ಬೇರೆಬೇರೆ ಬಗೆಯವು. ಆದರೆ ಮೂರಕ್ಕೂ ಬಲ ಕೊಟ್ಟದ್ದು ತೇವ.

ಪೈಪಿನ ಆರೈಕೆಯ ಬಗೆಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ತಂಪುದೇಶಗಳವರು ತಮ್ಮ ಹವೆಗೆ ಹೊಂದುವಂತೆ ಬರೆದವು. ಸೇದಿದ ಮೇಲೆ ಒಂದು ದಿನ ಗಾಳಿಗಿಡಿ, ತಾನೇ ಒಣಗುತ್ತದೆ ಎಂದು ಅವು ಹೇಳುತ್ತವೆ. ಗಾಳಿಯ ಆರ್ದ್ರತೆ ವರ್ಷದುದ್ದಕ್ಕೂ ಶೇ. 80ರ ಆಸುಪಾಸಿನಲ್ಲಿರುವ ಮಲೇಷ್ಯಾದಲ್ಲಿ ಆ ಮಾತು ನಡೆಯದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಚರ್ಮದ ಚಪ್ಪಲಿ, ಪುಸ್ತಕದ ರಟ್ಟು, ಪೆಟ್ಟಿಗೆಯ ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುವುದನ್ನು ಕಂಡವರು ಅವರು. ಅಲ್ಲಿ ಅದು ನಾಲ್ಕು ತಿಂಗಳ ಕಾಟ. ಇಲ್ಲಿ ಹನ್ನೆರಡು ತಿಂಗಳದ್ದು.

ಹೊರಗಿನ ತೇವ ಸಾಲದೆಂಬಂತೆ ಪೈಪು ತನ್ನೊಳಗೂ ನೀರನ್ನು ಹುಟ್ಟಿಸುತ್ತದೆ. ತಂಬಾಕು ಉರಿಯುವಾಗ ಏಳುವ ನೀರಾವಿ ತಣ್ಣಗಿರುವ ಕೊರಳಿನಲ್ಲಿ ಹನಿಗಟ್ಟಿ, ಹೊಗೆಯ ಜಿಡ್ಡಿನೊಡನೆ ಬೆರೆತು ಕಹಿಯಾದ ಕಂದು ರಸವಾಗುತ್ತದೆ. ಸೇದಿ ಮುಗಿದ ಕೂಡಲೇ ಹತ್ತಿ ಸುತ್ತಿದ ತಂತಿಯನ್ನು ಬಾಯಿಕೊಳವೆಯ ಮೂಲಕ ಬಟ್ಟಲಿನ ತಳದವರೆಗೆ ತೂರಿಸಿ ಆ ರಸವನ್ನು ಹೀರಿಸಬೇಕು. ಪೈಪು ಬಿಸಿಯಾಗಿರುವಾಗ ಬಾಯಿಕೊಳವೆಯನ್ನು ಕಳಚಬಾರದು. ಕಳಚಿದರೆ ಹಿಗ್ಗಿದ ಜೋಡಣೆ ಸಡಿಲವಾಗುತ್ತದೆ, ಇಲ್ಲವೇ ಕೊರಳೇ ಸೀಳುತ್ತದೆ. ಪೂರ್ತಿ ಆರಿದ ಮೇಲೆ ಕಳಚಿ, ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಒರೆಸಿ, ಬಟ್ಟಲನ್ನು ಬೋರಲು ಹಾಕಿಡುವುದು ಲೇಸು. ಒಂದೇ ಪೈಪನ್ನು ದಿನವೂ ಸೇದುವ ಅಭ್ಯಾಸ ತಂಪುದೇಶದಲ್ಲೇ ಒಳ್ಳೆಯದಲ್ಲ. ಇಲ್ಲಿ ಎರಡು ಮೂರು ದಿನಗಳ ಬಿಡುವು ಬೇಕು.

ಬಟ್ಟಲು ಸಾಮಾನ್ಯವಾಗಿ ಬ್ರೈಯರ್ ಮರದ್ದು. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದ ಗಂಟಿನಿಂದ ಅದನ್ನು ಕಡೆಯುತ್ತಾರೆ. ಹಿಂದೆ ಯೂರೋಪಿನಲ್ಲಿ ಜೇಡಿಮಣ್ಣಿನ ಪೈಪುಗಳನ್ನು ಕಬ್ಬಿಣದ ತೊಟ್ಟಿಲಿನಲ್ಲಿಟ್ಟು ಒಲೆಗೆ ತಳ್ಳಿ, ಜಿಡ್ಡನ್ನು ಸುಟ್ಟು ಶುದ್ಧಿ ಮಾಡುತ್ತಿದ್ದರು. ಮಣ್ಣಿಗೆ ಒಪ್ಪುವ ಆ ಉಪಾಯ ಮರಕ್ಕೆ ಒಪ್ಪದು. ಮರದ ಒಳಗೋಡೆಯನ್ನು ಬೆಂಕಿಯಿಂದ ಕಾಯುವುದು ಸೇದುತ್ತಾ ಸೇದುತ್ತಾ ಕಟ್ಟುವ ಇದ್ದಿಲಿನ ಪದರ. ಅದು ಒಂದು ಮಿಲಿಮೀಟರಿನಷ್ಟಿದ್ದರೆ ಸಾಕು. ಹೆಚ್ಚಾದರೆ ಬಿಸಿಗೆ ಮರಕ್ಕಿಂತ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಟ್ಟಲನ್ನು ಒಡೆಯುತ್ತದೆ. ತೇವವನ್ನು ಹಿಡಿದಿಟ್ಟು ಬೂಷ್ಟಿಗೆ ಆಸರೆಯಾಗುವುದೂ ಈ ಪದರವೇ. ಚಾಕುವಿನಿಂದ ಕೆರೆಯದೆ, ಬೆರಳಿಗೆ ಸುತ್ತಿದ ಮರಳುಕಾಗದದಿಂದ ನಿಧಾನವಾಗಿ ಸವೆಸುವುದು ಕ್ಷೇಮ.

ಬೂಷ್ಟು ಹಿಡಿದ ಬಟ್ಟಲಿಗೆ ಮದ್ದು ಮದ್ಯಸಾರ. ಬಟ್ಟಲಿನಲ್ಲಿ ಹತ್ತಿಯನ್ನು ತುಂಬಿ, ಔಷಧದಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲನ್ನು (ಶೇ. 90ಕ್ಕೆ ಮೇಲ್ಪಟ್ಟದ್ದು ಮೇಲು, ಏಕೆಂದರೆ ಅದರಲ್ಲಿ ನೀರು ಕಡಿಮೆ) ಹನಿಹನಿಯಾಗಿ ಬಿಟ್ಟು ಒಂದು ರಾತ್ರಿ ಇಟ್ಟರೆ ಬೂಷ್ಟೂ ಸಾಯುತ್ತದೆ, ಹಳೆಯ ಜಿಡ್ಡೂ ಹತ್ತಿಗೆ ಏರುತ್ತದೆ. ಹತ್ತಿಯ ಬದಲು ಉಪ್ಪು ತುಂಬುವ ಪದ್ಧತಿಯೂ ಉಂಟು. ನಾನು ಹತ್ತಿಯ ಪಕ್ಷ. ಉಪ್ಪಿನ ಹರಳು ಕೊರಳಿನಲ್ಲಿ ಸಿಕ್ಕಿಕೊಂಡರೆ ಇಲ್ಲಿ ಅದು ಮತ್ತೆ ತೇವವನ್ನು ಸೆಳೆಯುತ್ತದೆ. ಮದ್ಯಸಾರ ಹೊರಮೈಯ ಅರಗಿನ ಹೊಳಪಿಗೆ ತಾಗಬಾರದು. ಮತ್ತೆ ಸೇದುವ ಉದ್ದೇಶವಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಹಲವು ದಿನ ಆರಲು ಬಿಡಬೇಕು.

ಇನ್ನು ಬಾಯಿಕೊಳವೆ. ಹಳೆಯ ಪೈಪುಗಳಲ್ಲಿ ಇದು ಎಬೊನೈಟಿನದು, ಎಂದರೆ ಗಟ್ಟಿಗೊಳಿಸಿದ ರಬ್ಬರು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ಬಗೆಯನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಗಂಧಕದ ಪಾಲನ್ನು ಬಹಳ ಹೆಚ್ಚಿಸಿದರೆ ಕೋಡಿನಂತೆ ಗಡುಸಾದ ಎಬೊನೈಟ್ ದೊರೆಯುತ್ತದೆ. ಬ್ರೆಜಿಲಿನಿಂದ 1876ರಲ್ಲಿ ಲಂಡನ್ನಿನ ಕ್ಯೂ ತೋಟಕ್ಕೆ ಹೋದ ರಬ್ಬರಿನ ಬೀಜಗಳ ಸಸಿಗಳು ಮರುವರ್ಷ ಸಿಂಗಪುರಕ್ಕೆ ಬಂದವು. ಅವುಗಳಲ್ಲಿ ಕೆಲವನ್ನು ಪೆರಾಕ್ ಪ್ರಾಂತದ ಕೌಲಾಕಂಗ್ಸಾರಿನಲ್ಲಿ ನೆಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಮಲಯವು ಜಗತ್ತಿನ ರಬ್ಬರಿನ ಕಣಜವಾಯಿತು. ಲಂಡನ್ನಿನಲ್ಲಿ ಕೊಂಡ ಹಳೆಯ ಪೈಪಿನ ಬಾಯಿಕೊಳವೆಯೂ ಮೂಲದಲ್ಲಿ ಈ ನೆಲದ ಮರದ ಹಾಲೇ ಆಗಿರಬಹುದು.

ಬೆಳಕು ಮತ್ತು ತೇವ ಕೂಡಿದಾಗ ಎಬೊನೈಟಿನ ಮೇಲ್ಮೈ ಕೆಡುತ್ತದೆ, ಗಂಧಕ ಹೊರಬರುತ್ತದೆ, ಹಸಿರುಗಂದು ಬಣ್ಣವೂ ಕೆಟ್ಟ ರುಚಿಯೂ ತೋರುತ್ತವೆ. ಬೆಳ್ಳಿಯ ಬಳೆಯನ್ನು ಕಪ್ಪಾಗಿಸುವುದೂ ಇದೇ ಗಂಧಕ. ಮುಚ್ಚಿದ ಚೀಲದಲ್ಲಿ ಅದು ಬೇಗ ಆಗುತ್ತದೆ. ಬಿಸಿನೀರಿನಲ್ಲಿ ನೆನೆಹಾಕುವವರಿದ್ದಾರೆ. ಅದು ಬಣ್ಣವನ್ನು ಇನ್ನಷ್ಟು ಕೆಡಿಸುತ್ತದೆ. 600, 1000, 2000 ಸಂಖ್ಯೆಯ ಮರಳುಕಾಗದಗಳನ್ನು ಒದ್ದೆ ಮಾಡಿ ಈ ಕ್ರಮದಲ್ಲೇ ತಿಕ್ಕಿ, ಒರೆಸಿ, ಖನಿಜ ಎಣ್ಣೆಯ ತೆಳುಲೇಪ ಕೊಟ್ಟರೆ ಕಪ್ಪು ಮರಳುತ್ತದೆ. ಈಚಿನ ಅಕ್ರಿಲಿಕ್ ಕೊಳವೆಗಳಿಗೆ ಈ ರೋಗವಿಲ್ಲ, ಆದರೆ ಮದ್ಯಸಾರ ತಾಗಿದರೆ ಅವು ಬಿರುಕು ಬಿಡಬಹುದು.

ಇಷ್ಟೆಲ್ಲ ಶುಚಿ ಮಾಡಿದರೂ ಸೇದುವವನ ದೇಹಕ್ಕೆ ರಕ್ಷಣೆಯಿಲ್ಲ. ಹೊಗೆಯನ್ನು ನುಂಗದವರಿಗೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಉಂಟು. ಮಲೇಷ್ಯಾದ ಹೋಟೆಲುಗಳಲ್ಲಿ 2019ರ ಜನವರಿ 1ರಿಂದ ಧೂಮಪಾನ ನಿಷಿದ್ಧ. ನನಗೆ ತಿಳಿದಂತೆ ಇಲ್ಲಿನ ನಮ್ಮವರ ಮನೆಗಳಲ್ಲಿರುವ ಪೈಪುಗಳು ಬಹುಮಟ್ಟಿಗೆ ಸೇದುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ. ಅಂಥವುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ, ಬಾಯಿಕೊಳವೆಯನ್ನು ಬೇರ್ಪಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ ಇಡಬೇಕು. ಕ್ಯಾಮೆರಾ ಇಡುವ ವಿದ್ಯುತ್ ಒಣಪೆಟ್ಟಿಗೆಯಿದ್ದರೆ ಶೇ. 50ರ ಆರ್ದ್ರತೆಗೆ ಹೊಂದಿಸಿ ಅದರಲ್ಲೇ ಇಡಬಹುದು. ಇಲ್ಲದಿದ್ದರೆ ಸಿಲಿಕಾ ಜೆಲ್ ಹಾಕಿದ ಡಬ್ಬ, ತಿಂಗಳಿಗೊಮ್ಮೆ ತೆರೆದು ನೋಡುವ ಶಿಸ್ತು.

ಅಜ್ಜನ ಪೈಪು ಈಗ ಕ್ಯಾಮೆರಾದ ಪಕ್ಕದಲ್ಲಿದೆ. ಎಬೊನೈಟನ್ನು ಮೇಣದಬತ್ತಿಯ ಮೇಲೆ ಹದವಾಗಿ ಕಾಯಿಸಿದರೆ ಹಲ್ಲು ಕಚ್ಚಿದ ತಗ್ಗುಗಳು ತಾವೇ ಮೇಲೇಳುತ್ತವೆ. ಉಳಿದುದನ್ನೆಲ್ಲ ಮಾಡಿದೆ, ಅದೊಂದನ್ನು ಮಾಡಲಿಲ್ಲ.