ಜೋಳ ಮಾರಿದ ಹಣ ಬಾರದಿದ್ದರೆ ಕೋರ್ಟು ಏನು ಕೇಳುತ್ತದೆ?

'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ಉದ್ದರಿಗೆ ಬೆಳೆ ಮಾರುವ ರೈತನಿಗೆ ಚೆನ್ನಾಗಿ ಒಪ್ಪುತ್ತದೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಪೆರೇಸಂದ್ರದ ಕಡೆ ಮುಸುಕಿನ ಜೋಳ ಕೊಂಡ ಹೊರರಾಜ್ಯದ ವ್ಯಾಪಾರಿಗಳು ಹಣ ಕೊಡದೆ ವಂಚಿಸಿದರೆಂಬ ದೂರು 2025ರಲ್ಲಿ ಸುದ್ದಿಯಾಯಿತು. ಅದರ ಸತ್ಯಾಸತ್ಯತೆ ತೀರ್ಮಾನವಾಗಬೇಕಾದದ್ದು ನ್ಯಾಯಾಲಯದಲ್ಲಿ. ಆದರೆ ಇಂಥ ಮೊಕದ್ದಮೆಗಳನ್ನು ಕೋರ್ಟು ಹೇಗೆ ನೋಡುತ್ತದೆಂಬುದನ್ನು ರೈತ ಬಾಂಧವರು ಮೊದಲೇ ತಿಳಿದಿರುವುದು ಲೇಸು.

ಬಾಕಿಯೇ ಬೇರೆ, ವಂಚನೆಯೇ ಬೇರೆ

ಹಣ ಕೊಡಲಿಲ್ಲ ಎಂದ ಮಾತ್ರಕ್ಕೆ ಅದು ಕಾನೂನಿನಲ್ಲಿ ವಂಚನೆ ಆಗದು. ಮಾಲು ಕೊಳ್ಳುವಾಗಲೇ ಮೋಸದ ಉದ್ದೇಶವಿತ್ತೇ ಎಂಬುದು ಕೋರ್ಟು ಕೇಳುವ ಮೊದಲ ಪ್ರಶ್ನೆ. ದೆಹಲಿ ರೇಸ್ ಕ್ಲಬ್ಬಿಗೆ ಕುದುರೆಗಳ ಧಾನ್ಯ ಪೂರೈಸಿದವರೊಬ್ಬರು 9 ಲಕ್ಷ ರೂಪಾಯಿಗೂ ಮೇಲ್ಪಟ್ಟ ಬಾಕಿಗಾಗಿ ಕ್ರಿಮಿನಲ್ ದೂರು ಹೂಡಿದ್ದರು. ಆ ದೂರಿನ ಮೇಲೆ ಹೊರಟಿದ್ದ ಸಮನ್ಸನ್ನು ಸುಪ್ರೀಂ ಕೋರ್ಟು 2024ರ ಆಗಸ್ಟ್ 23ರಂದು ರದ್ದುಮಾಡಿತು. ಮಾರಿದ ಮಾಲಿನ ಬಾಕಿಗೆ ಸಿವಿಲ್ ದಾವೆ ದಾರಿಯೆಂಬುದು ಅದರ ಅಭಿಪ್ರಾಯ.

ಕೊಂಡವನು ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟಿದ್ದರೆ, ಮುಚ್ಚಿಹೋದ ಖಾತೆಯ ಚೆಕ್ ಬರೆದಿದ್ದರೆ, ಹಲವು ರೈತರಿಗೆ ಇದೇ ಆಟ ಆಡಿದ್ದರೆ ಮೋಸದ ಉದ್ದೇಶ ತೋರಿಸಲು ಆಧಾರ ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಂತೆ ಇಂಥ ವಂಚನೆಗೆ 7 ವರ್ಷದವರೆಗೆ ಸಜೆ ಮತ್ತು ದಂಡ ಉಂಟು. ಅದಕ್ಕೆ ಮುಂಚಿನ ಕೃತ್ಯಗಳಿಗೆ ಹಳೆಯ 420ನೇ ಕಲಮೇ ಅನ್ವಯ.

ಠಾಣೆಯಲ್ಲಿ ದೂರು ದಾಖಲಾದರೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದುಕೊಡಿ; ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಹಣ ಬರುವ ದಾರಿ

ಆರೋಪಿ ಜೈಲು ಸೇರಿದರೂ ರೈತನ ಹಣ ತಾನಾಗಿ ಮನೆಗೆ ಬರುವುದಿಲ್ಲ. ಬಾಕಿ ವಸೂಲಿಗೆ ಸಿವಿಲ್ ದಾವೆ ಹೂಡಬೇಕು. ಇದಕ್ಕೆ ಸಾಮಾನ್ಯವಾಗಿ 3 ವರ್ಷ ಗಡುವು. 'ನಾಳೆ, ನಾಡಿದ್ದು' ಎಂಬ ಮಾತು ನಂಬಿ ಕೂತರೆ ಅವಧಿ ಮೀರಿಹೋದೀತು.

ಚೆಕ್ ವಾಪಸಾದರೆ ಗಡುವು ಇನ್ನೂ ಬಿಗಿ. ಬ್ಯಾಂಕಿನಿಂದ ಆ ತಿಳಿವಳಿಕೆ ಬಂದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ಮುಟ್ಟಿದ 15 ದಿನದೊಳಗೆ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು ಸಲ್ಲಿಸಬೇಕು. ತಪ್ಪು ಸಾಬೀತಾದರೆ 2 ವರ್ಷದವರೆಗೆ ಸಜೆ, ಚೆಕ್ಕಿನ ಮೊತ್ತದ ಇಮ್ಮಡಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಆರೋಪಿ ತಪ್ಪೊಪ್ಪದಿದ್ದರೆ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ ಕೋರ್ಟಿಗೆ ಇದೆ.

ರಾಜಿಗೆ ಒಪ್ಪಿದರೆ ಲೋಕ ಅದಾಲತ್ ಇದೆ. ಅಲ್ಲಿನ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದ್ದು, ಮೇಲ್ಮನವಿ ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ವರಮಾನದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರ ನೆರವು ಪಡೆಯಬಹುದು.

ಮಾರುವ ದಿನವೇ ಸಾಕ್ಷ್ಯ

ಕೋರ್ಟಿನಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ಲಾರಿ ಹೊರಡುವ ಮುನ್ನ ಇವನ್ನು ಪಡೆದಿಡಿ:

- ತೂಕದ ಚೀಟಿ ಮತ್ತು ಲಾರಿ ನಂಬರು
- ದರ, ಮೂಟೆಗಳ ಲೆಕ್ಕ, ಹಣ ಕೊಡುವ ತಾರೀಖು ಬರೆದು ಕೊಂಡವರು ಸಹಿ ಹಾಕಿದ ಚೀಟಿ
- ವ್ಯಾಪಾರಿಯ ಲೈಸೆನ್ಸು ಮತ್ತು ವಿಳಾಸದ ಪ್ರತಿ
- ಬ್ಯಾಂಕಿನ ಜಮಾ ವಿವರ, ಮೊಬೈಲಿನ ಸಂದೇಶಗಳು

ಮಧ್ಯವರ್ತಿಯ ಮೂಲಕ ಮಾರಿದ್ದರೆ ಹಣಕ್ಕೆ ಹೊಣೆ ಯಾರೆಂಬುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವರು, ರೈತ ಮಾತ್ರ ಕೋರ್ಟಿಗೆ ಅಲೆಯಬೇಕಾದೀತು.