ಗೋರಿ ಕದಲುವಂತಿಲ್ಲ, ಕಲ್ಲು ಉಳಿಯುತ್ತಿಲ್ಲ

ಚೆಕ್ ರಾಜಧಾನಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ 2020ರ ಮೇ ತಿಂಗಳಲ್ಲಿ ನೆಲಗಟ್ಟಿನ ದುರಸ್ತಿ ನಡೆದಿತ್ತು. ಹಾಸಿದ್ದ ಸಣ್ಣ ಚೌಕಗಲ್ಲುಗಳನ್ನು ಕೆಲಸಗಾರರು ಕಿತ್ತು ಮಗುಚಿದಾಗ ಕೆಲವುಗಳ ಅಡಿಮೈ ನುಣುಪಾಗಿ ಹೊಳೆಯಿತು. ಅದರ ಮೇಲೆ ಹೀಬ್ರೂ ಅಕ್ಷರಗಳಿದ್ದವು, ಇಸವಿಗಳಿದ್ದವು. ಕಮ್ಯುನಿಸ್ಟ್ ಆಡಳಿತದ 1980ರ ದಶಕದಲ್ಲಿ ಯಹೂದಿ ಸ್ಮಶಾನಗಳ ಗೋರಿಗಲ್ಲುಗಳನ್ನು ತುಂಡರಿಸಿ ಬೀದಿಗೆ ಹಾಸಲಾಗಿತ್ತು. ಬರಹವಿದ್ದ ಮುಖವನ್ನು ಮಣ್ಣಿಗೆ ಒತ್ತಿದ್ದರಿಂದ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಳೆಯ ಸ್ಮಶಾನ ಹಾಳಾಗುವುದು ಎಲ್ಲ ಕಡೆಯೂ ಇರುವ ಸಂಗತಿ. ಆದರೆ ಯಹೂದಿಗಳ ಮಟ್ಟಿಗೆ ಅದಕ್ಕೆ ಬೇರೆಯೇ ಅರ್ಥವಿದೆ. ಯೂರೋಪಿನ ಅನೇಕ ಕಡೆ ಗೋರಿಯ ಜಾಗವನ್ನು ಇಷ್ಟು ವರ್ಷಕ್ಕೆಂದು ಗುತ್ತಿಗೆ ಕೊಟ್ಟು, ಅವಧಿ ಮುಗಿದ ಮೇಲೆ ಮತ್ತೊಬ್ಬರಿಗೆ ಬಿಟ್ಟುಕೊಡುವ ರೂಢಿಯಿದೆ. ಯಹೂದಿ ಧರ್ಮಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಒಮ್ಮೆ ಹೂಳಿದ ದೇಹವನ್ನು ಕದಲಿಸಬಾರದು, ಆ ನೆಲ ಸತ್ತವನಿಗೇ ಸೇರಿದ್ದು ಎಂಬುದು ಅಲ್ಲಿನ ನಿಯಮ. ಸ್ಮಶಾನವನ್ನು ಅವರು 'ಶಾಶ್ವತ ಮನೆ' ಎಂದೂ 'ಜೀವಂತರ ಮನೆ' ಎಂದೂ ಕರೆಯುತ್ತಾರೆ.

ಈ ನಿಯಮದ ಪರಿಣಾಮವನ್ನು ಪ್ರಾಗ್‌ನ ಹಳೆಯ ಯಹೂದಿ ಸ್ಮಶಾನದಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿ ಉಳಿದಿರುವ ಅತ್ಯಂತ ಹಳೆಯ ಕಲ್ಲು 1439ರದು. 1787ರಲ್ಲಿ ಅಲ್ಲಿ ಹೂಳುವುದು ನಿಂತಿತು. ಜಾಗ ಸಾಲದಾದಾಗ ಹಳೆಯ ಗೋರಿಗಳನ್ನು ಮುಟ್ಟದೆ ಅವುಗಳ ಮೇಲೆಯೇ ಹೊಸ ಮಣ್ಣು ಸುರಿದು ಹೂಳಿದರು. ಕೆಳಗಿನವರ ಕಲ್ಲನ್ನೂ ಮೇಲಕ್ಕೆತ್ತಿ ನೆಟ್ಟರು. ಹೀಗೆ ಕೆಲವೆಡೆ ಸುಮಾರು ಹನ್ನೆರಡು ಪದರಗಳಾಗಿವೆ. ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ.

ಈ ಕಲ್ಲುಗಳು ಒಂದು ಬಗೆಯ ದಫ್ತರವೂ ಹೌದು. ಸತ್ತವರ ಹೆಸರು, ತಂದೆಯ ಹೆಸರು, ಹೀಬ್ರೂ ಪಂಚಾಂಗದ ತಿಥಿ, ಕೆಲವೊಮ್ಮೆ ವೃತ್ತಿ ಅವುಗಳಲ್ಲಿರುತ್ತವೆ. ಪುರೋಹಿತ ವಂಶದವರ ಕಲ್ಲಿನ ಮೇಲೆ ಆಶೀರ್ವದಿಸುವ ಎರಡು ಕೈಗಳು, ಲೇವಿಯರ ಕಲ್ಲಿನ ಮೇಲೆ ನೀರಿನ ಹೂಜಿ, ಅಕಾಲದಲ್ಲಿ ತೀರಿಕೊಂಡವರಿಗೆ ಮುರಿದ ಮರ ಅಥವಾ ಮೋಂಬತ್ತಿ. ಬೇರೆ ದಾಖಲೆಗಳೆಲ್ಲ ಸುಟ್ಟುಹೋದ ಊರುಗಳಲ್ಲಿ ಒಂದು ಸಮುದಾಯ ಬದುಕಿತ್ತು ಎಂಬುದಕ್ಕೆ ಉಳಿದ ಸಾಕ್ಷಿ ಇದೊಂದೇ.

ಆ ಸಾಕ್ಷಿಯನ್ನು ಅಳಿಸಿದ್ದು ಕೇವಲ ಮಳೆಗಾಳಿಯಲ್ಲ. ಗ್ರೀಸಿನ ಥೆಸಲೊನೀಕಿ ನಗರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಗೋರಿಗಳಿದ್ದ ಸ್ಮಶಾನವನ್ನು ಜರ್ಮನ್ ಆಕ್ರಮಣದ ಕಾಲದಲ್ಲಿ, 1942ರ ಡಿಸೆಂಬರಿನಲ್ಲಿ, ನೆಲಸಮ ಮಾಡಲಾಯಿತು. ಅದರ ಕಲ್ಲುಗಳು ಗೋಡೆ, ರಸ್ತೆಗಳಿಗೆ ಹೋದವು. ಇಂದು ಆ ಜಾಗದಲ್ಲಿ ಅರಿಸ್ಟಾಟಲ್ ವಿಶ್ವವಿದ್ಯಾಲಯವಿದೆ. ಸ್ಮಾರಕವೊಂದು ಅಲ್ಲಿಗೆ ಬಂದದ್ದು 2014ರಲ್ಲಿ. ಪೋಲೆಂಡಿನ ಕ್ರಾಕೋವ್ ಬಳಿಯ ಪ್ಲಾಷೋವ್ ಬಂದೀಶಿಬಿರವನ್ನು ನಾಜಿಗಳು ಎರಡು ಯಹೂದಿ ಸ್ಮಶಾನಗಳ ಮೇಲೆಯೇ ಕಟ್ಟಿ, ಗೋರಿಗಲ್ಲುಗಳನ್ನು ದಾರಿಗೆ ಹಾಸಿದರು.

ಯುದ್ಧ ಮುಗಿದಾಗ ಇನ್ನೊಂದು ಸಮಸ್ಯೆ ಎದುರಾಯಿತು. ಪೋಲೆಂಡಿನಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ ಸುಮಾರು 30 ಲಕ್ಷ ಮಂದಿ ಕೊಲೆಯಾಗಿದ್ದರು. ಬದುಕುಳಿದವರಲ್ಲೂ ಬಹುಪಾಲು ಜನ ದೇಶ ಬಿಟ್ಟರು. ಸುಮಾರು 1,200 ಸ್ಮಶಾನಗಳು ಉಳಿದವು. ಅವುಗಳನ್ನು ನೋಡಿಕೊಳ್ಳುವ ಮಕ್ಕಳು, ಮೊಮ್ಮಕ್ಕಳು ಉಳಿಯಲಿಲ್ಲ. ಕಲ್ಲುಗಳು ಹೊಲದ ಬೇಲಿಗೆ, ಕಟ್ಟಡದ ಅಡಿಪಾಯಕ್ಕೆ, ಸಾಣೆ ಚಕ್ರಕ್ಕೆ ಬಳಕೆಯಾದವು. ಎಷ್ಟೋ ಕಡೆ ಈಗ ಒಂದು ಕಲ್ಲೂ ಇಲ್ಲ, ಹುಲ್ಲಿನ ದಿಬ್ಬವಷ್ಟೇ ಇದೆ. ಆದರೆ ಅದರಡಿಯ ಗೋರಿಗಳು ಹಾಗೆಯೇ ಇವೆ.

ಆದ್ದರಿಂದ ರಕ್ಷಣೆಯ ಕೆಲಸದಲ್ಲಿ ಮೊದಲ ಹೆಜ್ಜೆ ಕಲ್ಲು ನಿಲ್ಲಿಸುವುದಲ್ಲ, ಗಡಿ ಗುರುತಿಸಿ ಬೇಲಿ ಹಾಕುವುದು. ಅಗೆದು ನೋಡಲು ಧರ್ಮಶಾಸ್ತ್ರದ ಅಡ್ಡಿಯಿದೆ. ಹಾಗಾಗಿ ಹಳೆಯ ನಕ್ಷೆಗಳು, ವಿಮಾನದಿಂದ ತೆಗೆದ ಚಿತ್ರಗಳು, ನೆಲದಾಳವನ್ನು ತೋರಿಸುವ ರೇಡಾರ್ ಇವುಗಳ ಮೊರೆ ಹೋಗುತ್ತಾರೆ. 2015ರಲ್ಲಿ ಸ್ಥಾಪನೆಯಾದ ಇ.ಎಸ್.ಜೆ.ಎಫ್. ಎಂಬ ಸಂಸ್ಥೆ ಪೂರ್ವ ಯೂರೋಪಿನ ಸ್ಮಶಾನಗಳನ್ನು ಡ್ರೋನ್ ಮೂಲಕ ಅಳತೆ ಮಾಡಿ ಬೇಲಿ ಹಾಕಿಸುತ್ತಿದೆ. ಗೋರಿಗಳ ನಡುವೆ ಬೆಳೆದ ಮರವನ್ನು ಬೇರುಸಹಿತ ಕೀಳುವಂತಿಲ್ಲ, ಕೆಳಗಿನ ಅಸ್ಥಿ ಕದಲೀತು. ಬುಡಕ್ಕೆ ಕತ್ತರಿಸಬೇಕು.

ಕಲ್ಲಿನ ಶುಶ್ರೂಷೆಯೂ ನಾಜೂಕಿನದು. ಮರಳುಗಲ್ಲು ನೀರು ಹೀರಿ ಹಕ್ಕಳೆಯೇಳುತ್ತದೆ. ಅಂಗಾತ ಬಿದ್ದ ಕಲ್ಲಿನ ಮೇಲೆ ನೀರು ನಿಂತು ಅಕ್ಷರಗಳು ಇನ್ನೂ ಬೇಗ ಮಾಸುತ್ತವೆ. ಉತ್ಸಾಹದಿಂದ ತಂತಿ ಬ್ರಷ್ಷು, ಆಮ್ಲ ಹಿಡಿದು ಬಂದವರಿಂದ ಉಪಕಾರಕ್ಕಿಂತ ಹಾನಿಯೇ ಹೆಚ್ಚು. ಶುದ್ಧ ನೀರು, ಮೃದುವಾದ ಬ್ರಷ್ಷು, ಒಡೆದಲ್ಲಿ ಸಿಮೆಂಟಿನ ಬದಲು ಸುಣ್ಣದ ಗಾರೆ, ಇವಿಷ್ಟೇ ಸುರಕ್ಷಿತ. ಎಲ್ಲಕ್ಕಿಂತ ಮೊದಲು, ಅಳಿಯುವ ಮುನ್ನ ಬರಹದ ಫೋಟೊ ತೆಗೆದು ಓದಿಡಬೇಕು.

ಸಿಕ್ಕಿದ ಕಲ್ಲುಗಳನ್ನು ಎಲ್ಲಿ ನಿಲ್ಲಿಸುವುದು ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಯಾರದೋ ಗೋರಿಯ ಮೇಲೆ ಇನ್ಯಾರದೋ ಹೆಸರನ್ನು ನೆಟ್ಟರೆ ಅದೂ ಸುಳ್ಳೇ. ಪೋಲೆಂಡಿನ ಕಾಜಿಮೇಶ್ ದೋಲ್ನಿ ಎಂಬ ಊರಿನವರು ಇದಕ್ಕೆ ಒಂದು ಉತ್ತರ ಕಂಡುಕೊಂಡರು. ಬಿಡಿ ಕಲ್ಲುಗಳನ್ನೆಲ್ಲ ಒಂದು ಗೋಡೆಯಾಗಿ ಜೋಡಿಸಿ, ಆ ಗೋಡೆಯ ನಡುವೆ ಬೇಕೆಂದೇ ಒಂದು ಬಿರುಕು ಬಿಟ್ಟರು. 1984ರ ಈ ಸ್ಮಾರಕ ಮುರಿದದ್ದನ್ನು ಮುರಿದಂತೆಯೇ ತೋರಿಸುತ್ತದೆ. ಪ್ರಾಗ್‌ನಲ್ಲಿ ಬೀದಿಯಿಂದ ಎತ್ತಿದ ತುಂಡುಗಳೂ 2022ರಲ್ಲಿ ಝಿಷ್ಕೋವ್ ಸ್ಮಶಾನದಲ್ಲಿ ಸ್ಮಾರಕವಾದವು.

ಎಲ್ಲೆಡೆಯೂ ಕಥೆ ಇಷ್ಟು ಕಹಿಯಲ್ಲ. ಜರ್ಮನಿಯ ವೋರ್ಮ್ಸ್ ಪಟ್ಟಣದ ಸ್ಮಶಾನದಲ್ಲಿ 11ನೇ ಶತಮಾನದ ಕಲ್ಲುಗಳು ಇಂದಿಗೂ ನಿಂತಿವೆ. 2021ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೇರಳದ ಚೇಂದಮಂಗಲದಲ್ಲಿ 1269ರಲ್ಲಿ ತೀರಿಕೊಂಡ ಸಾರಾ ಎಂಬಾಕೆಯ ಹೀಬ್ರೂ ಗೋರಿಗಲ್ಲು ಭದ್ರವಾಗಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿಯೂ ಒಂದು ಪುಟ್ಟ ಯಹೂದಿ ಸ್ಮಶಾನವುಂಟು. ಅದಕ್ಕೆ 1904ರಲ್ಲಿ ನೆಲ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು.

ಗೋರಿ ನೋಡಲು ಬಂದ ಯಹೂದಿ ಹೂವಿನ ಬದಲು ಒಂದು ಸಣ್ಣ ಕಲ್ಲನ್ನು ಇಟ್ಟುಹೋಗುತ್ತಾನೆ. ಯಾರೋ ಬಂದಿದ್ದರು, ಮರೆತಿಲ್ಲ ಎಂಬುದಕ್ಕೆ ಅದು ಗುರುತು. ಹಾಗೆ ಬರುವವರೇ ಇಲ್ಲದ ಊರುಗಳಲ್ಲಿ ಆ ಹೊಣೆ ಈಗ ಪಕ್ಕದ ಮನೆಯವರ ಮೇಲೆ ಬಿದ್ದಿದೆ. ಅಂಗಳದಲ್ಲಿ ಸಿಕ್ಕ ಅಕ್ಷರದ ಕಲ್ಲನ್ನು ಸ್ಮಶಾನಕ್ಕೆ ಮರಳಿಸುವ ಹಳ್ಳಿಗರು ಪೋಲೆಂಡಿನಲ್ಲಿ ಇದ್ದಾರೆ. ಈ ಸ್ಮಶಾನಗಳ ಉಳಿವು ಈಗ ಬಹುಮಟ್ಟಿಗೆ ಅಂಥವರ ಕೈಯಲ್ಲಿದೆ.